ರೋಡ್ಸ್ ದ್ವೀಪದ ಪತಂಗ ಕಣಿವೆ: ನಿದ್ದೆ ಕೆಡಿಸುವ ಪ್ರವಾಸದ ಒಂದು ಪ್ರಕರಣ

ಗ್ರೀಸ್ ದೇಶದ ರೋಡ್ಸ್ ದ್ವೀಪದಲ್ಲಿ, ಮುಖ್ಯ ಪಟ್ಟಣದಿಂದ ನೈರುತ್ಯಕ್ಕೆ ಸುಮಾರು 25 ಕಿಲೋಮೀಟರ್ ಸಾಗಿ ಗುಡ್ಡದ ಕಡೆ ತಿರುಗಿದರೆ ಪೆಟಲೂದೆಸ್ ಎಂಬ ಕಣಿವೆ ಸಿಗುತ್ತದೆ. ಪೆಲೆಕಾನೋಸ್ ಎಂಬ ತೊರೆ ಬಂಡೆಗಳ ಸಂದಿಯಲ್ಲಿ ಸಣ್ಣ ಸಣ್ಣ ಧಾರೆಗಳಾಗಿ ಇಳಿಯುತ್ತದೆ. ಎರಡೂ ದಡಗಳ ಮರಗಳು ಮೇಲೆ ಕೈ ಕೂಡಿಸಿಕೊಂಡು ಬಿಸಿಲು ಒಳಬರದಂತೆ ತಡೆದಿವೆ. ತೊರೆಯ ಗುಂಟ ಕಲ್ಲಿನ ಮೆಟ್ಟಿಲು, ಅಲ್ಲಲ್ಲಿ ಮರದ ಸಂಕ, ಕಟಾಂಜನ ಹಾಕಿದ ಕಾಲುದಾರಿ. ದಾರಿ ಏರುತ್ತ ಹೋಗಿ ಕಲೊಪೆತ್ರಾ ಎಂಬ ಹಳೆಯ ಕ್ರೈಸ್ತ ಮಠದ ಕಡೆ ಸೇರುತ್ತದೆ.

ಜೂನ್ ಬಂತೆಂದರೆ ದ್ವೀಪದ ಉಳಿದ ಭಾಗ ಒಣಗಿ ನಿಂತಿರುತ್ತದೆ. ಜೂನ್, ಜುಲೈ, ಆಗಸ್ಟ್‌ಗಳಲ್ಲಿ ರೋಡ್ಸ್‌ನಲ್ಲಿ ಮಳೆ ಇಲ್ಲವೆಂದೇ ಹೇಳಬೇಕು. ಅಲ್ಲಿನ ಮಳೆಯೆಲ್ಲ ಚಳಿಗಾಲದ್ದು. ಒಣಗು ಏರುತ್ತಿದ್ದಂತೆ ಒಂದು ಜಾತಿಯ ಪತಂಗ ದ್ವೀಪದ ನಾನಾ ಕಡೆಗಳಿಂದ ತೊರೆಗಳ ತೇವ ಹಿಡಿದು ಬಂದು ಈ ಕಣಿವೆ ಸೇರುತ್ತದೆ. ಕಾಂಡದ ಮೇಲೆ, ಬಂಡೆಯ ನೆರಳಿನ ಮಗ್ಗುಲಲ್ಲಿ, ಬಳ್ಳಿಗಳ ಎಲೆಯಡಿ ಸಾವಿರಾರು ಪತಂಗಗಳು ಒತ್ತೊತ್ತಾಗಿ ಕೂರುತ್ತವೆ. ಕೂತರೆ ಸೆಪ್ಟೆಂಬರ್‌ವರೆಗೂ ಹೆಚ್ಚುಕಡಿಮೆ ಅಲ್ಲೇ.

ಅದನ್ನು ನೋಡಲು ಜನ ಬರುತ್ತಾರೆ. ಬಂದವರಿಗೆ ಮೊದಲ ನೋಟಕ್ಕೆ ಏನೂ ಕಾಣುವುದಿಲ್ಲ, ಏಕೆಂದರೆ ಕೂತ ಪತಂಗ ತೊಗಟೆಯ ಬಣ್ಣಕ್ಕೆ ಹೊಂದಿಕೊಂಡಿರುತ್ತದೆ. ಆಗ ಯಾರೋ ಒಬ್ಬರು ಚಪ್ಪಾಳೆ ತಟ್ಟುತ್ತಾರೆ, ಸಿಳ್ಳೆ ಹಾಕುತ್ತಾರೆ. ಮರ ಇದ್ದಕ್ಕಿದ್ದಂತೆ ಕೆಂಪಾಗಿ ಎದ್ದು ಗಾಳಿಯಲ್ಲಿ ಹರಡುತ್ತದೆ. ಕ್ಯಾಮೆರಾಗಳು ಅದಕ್ಕೇ ಕಾದಿರುತ್ತವೆ. ದಶಕಗಳ ಕಾಲ ಈ ಕಣಿವೆಯ ಆಕರ್ಷಣೆ ನಡೆದದ್ದೇ ಹೀಗೆ. ಪತಂಗಗಳ ಸಂಖ್ಯೆ ಇಳಿಯುತ್ತ ಬಂದದ್ದಕ್ಕೆ ಮುಖ್ಯ ಕಾರಣಗಳಲ್ಲಿ ಒಂದಾಗಿ ಹೇಳುವುದೂ ಇದನ್ನೇ. ಈಗ ಕಣಿವೆಯಲ್ಲಿ ‘ಸದ್ದು ಮಾಡಬೇಡಿ, ಚಪ್ಪಾಳೆ ತಟ್ಟಬೇಡಿ, ದಾರಿ ಬಿಟ್ಟು ಇಳಿಯಬೇಡಿ’ ಎಂಬ ಫಲಕಗಳಿವೆ. ಒಂದು ಚಪ್ಪಾಳೆಗೆ ಒಂದು ಜೀವಿಯ ಸಂತತಿ ಹೇಗೆ ಕುಗ್ಗುತ್ತದೆ, ಫಲಕ ಹಾಕಿದರೆ ಎಷ್ಟರ ಮಟ್ಟಿಗೆ ಸರಿಹೋಗುತ್ತದೆ, ಇನ್ನೂ ಏನು ಬಾಕಿಯಿದೆ ಎಂದು ನೋಡಲು ಇಷ್ಟು ಚೆನ್ನಾಗಿ ಬಿಡಿಸಿ ತೋರಿಸುವ ಪ್ರಕರಣ ಬೇರೊಂದು ಸಿಗುವುದು ಕಷ್ಟ.

ಕೂತಿರುವುದು ಯಾರು

ಗ್ರೀಕ್ ಭಾಷೆಯಲ್ಲಿ ಪೆಟಲೂದೆಸ್ ಎಂದರೆ ಚಿಟ್ಟೆಗಳು. ಕಣಿವೆಯ ಹೆಸರು ಹಾಗಿದ್ದರೂ ಇಲ್ಲಿ ನೆರೆಯುವುದು ಪತಂಗ. ಇಂಗ್ಲಿಷ್‌ನಲ್ಲಿ ಜರ್ಸಿ ಟೈಗರ್ ಎನ್ನುತ್ತಾರೆ, ವೈಜ್ಞಾನಿಕ ಹೆಸರು ಯೂಪ್ಲಾಜಿಯಾ ಕ್ವಾಡ್ರಿಪಂಕ್ಟೇರಿಯಾ. ರೆಕ್ಕೆ ಹರಡಿದರೆ ಐದರಿಂದ ಆರೂವರೆ ಸೆಂಟಿಮೀಟರ್. ಮುಂದಿನ ಜೋಡಿ ರೆಕ್ಕೆ ಕಪ್ಪುಗಂದು, ಅದರ ಮೇಲೆ ಕೆನೆಬಣ್ಣದ ಓರೆ ಪಟ್ಟೆಗಳು. ಹಿಂದಿನ ಜೋಡಿ ಕಿತ್ತಳೆಗೆಂಪು, ಮೇಲೆ ಕಪ್ಪು ಚುಕ್ಕೆಗಳು. ಕೂತಾಗ ಮುಂದಿನ ಜೋಡಿ ಹಿಂದಿನದನ್ನು ಪೂರ್ತಿ ಮುಚ್ಚಿ ಒಂದು ಪಟ್ಟೆಪಟ್ಟೆಯ ತ್ರಿಕೋನವಾಗುತ್ತದೆ. ಒಂದು ಪತಂಗವನ್ನು ಗುರುತಿಸಿದ ಮೇಲೆ ಪಕ್ಕದಲ್ಲಿ ಇನ್ನೊಂದು, ಅದರ ಕೆಳಗೆ ಮತ್ತೆರಡು, ಹಾಗೇ ಕಣ್ಣು ಹಾಯಿಸುತ್ತ ಹೋದರೆ ಇಡೀ ಕಾಂಡವೇ ತ್ರಿಕೋನಗಳಿಂದ ಹೊದಿಸಿದ್ದು ತಿಳಿಯುತ್ತದೆ. ಸಹನೆಯಿಂದ ನಿಂತು ನೋಡುವವರಿಗೆ ಇದಕ್ಕಿಂತ ದೊಡ್ಡ ಬಹುಮಾನ ಬೇಕಿಲ್ಲ ಎಂದು ನನ್ನ ಅಭಿಪ್ರಾಯ.

ಆ ಕೆಂಪು ಬಣ್ಣ ಇರುವುದು ಹೆದರಿಸಲಿಕ್ಕೆ. ಈ ಗುಂಪಿನ ಪತಂಗಗಳ ಮೈಯಲ್ಲಿ ಕಹಿ, ವಿಷದ ಅಂಶಗಳಿರುತ್ತವೆ. ಹಕ್ಕಿ ಹತ್ತಿರ ಬಂದಾಗ ಮುಚ್ಚಿಟ್ಟ ಕೆಂಪನ್ನು ಫಕ್ಕನೆ ತೋರಿಸುವುದು ‘ನನ್ನನ್ನು ತಿಂದರೆ ನಿನಗೇ ಕಷ್ಟ’ ಎಂಬ ಎಚ್ಚರಿಕೆ. ಅಂದರೆ ಪ್ರವಾಸಿಗರು ಹಣ ಕೊಟ್ಟು ನೋಡಬಯಸುವ ಆ ಕೆಂಪು ಹಾರಾಟ ಪತಂಗದ ಪಾಲಿಗೆ ಜೀವಭಯದ ಕ್ಷಣ. ಕಣಿವೆಯ ಕಷ್ಟದ ಬೇರು ಇಲ್ಲಿಯೇ ಇದೆ. ಸುಮ್ಮನೆ ಕೂತ ಪತಂಗಕ್ಕೆ ಮಾರುಕಟ್ಟೆಯಿಲ್ಲ, ಹೆದರಿದ ಪತಂಗಕ್ಕೆ ಇದೆ.

ಅದರ ವರ್ಷಚಕ್ರ ತಿಳಿದರೆ ಮುಂದಿನದು ಅರ್ಥವಾಗುತ್ತದೆ. ಬೇಸಿಗೆಯ ಕೊನೆಯಲ್ಲಿ ಇಟ್ಟ ಮೊಟ್ಟೆಗಳಿಂದ ಶರತ್ಕಾಲದಲ್ಲಿ ಕಂಬಳಿಹುಳುಗಳು ಹೊರಬರುತ್ತವೆ. ಚಳಿಗಾಲವನ್ನು ಚಿಕ್ಕ ಹುಳುವಾಗಿಯೇ ಕಳೆಯುತ್ತವೆ. ಮಳೆಯಿಂದ ನೆಲ ಹಸಿರಾದಾಗ ತುರಿಕೆಗಿಡ, ಮುಳ್ಳುಬೆರಿ, ಡ್ಯಾಂಡೆಲಿಯನ್, ಇಂಥ ಸಾಧಾರಣ ಕಳೆಗಿಡ ಪೊದೆಗಳನ್ನು ಮೇಯ್ದು ದಪ್ಪವಾಗುತ್ತವೆ. ಕಪ್ಪು ಮೈ, ಬೆನ್ನಿಗೆ ಹಳದಿ ಕಿತ್ತಳೆ ಪಟ್ಟೆ, ಅಲ್ಲಲ್ಲಿ ಗಿಡ್ಡ ರೋಮದ ಗೊಂಚಲು. ವಸಂತ ಮುಗಿಯುವಾಗ ಕೋಶ ಕಟ್ಟಿ ಮೇ ಕೊನೆಯ ಹೊತ್ತಿಗೆ ರೆಕ್ಕೆ ಬಂದು ಹೊರಡುತ್ತವೆ. ಆಮೇಲೆ ಕಣಿವೆ, ಅಲ್ಲಿ ಬೇಸಿಗೆಯ ದೀರ್ಘ ವಿಶ್ರಾಂತಿ. ಆಗಸ್ಟ್ ಕೊನೆಗೆ ಕೂಡುವ ಕಾಲ. ಅದಾದ ಮೇಲೆ ಹೆಣ್ಣುಗಳು ಕಣಿವೆ ಬಿಟ್ಟು ದ್ವೀಪದ ಬೇರೆ ಬೇರೆ ಕಡೆ ಹಾರಿಹೋಗಿ ಮೊಟ್ಟೆಯಿಟ್ಟು ಸಾಯುತ್ತವೆ.

‘ಈ ಪತಂಗಕ್ಕೆ ಬಾಯೇ ಇಲ್ಲ, ಹೊಟ್ಟೆಯೇ ಇಲ್ಲ’ ಎಂದು ಪ್ರವಾಸಿಗರಿಗೆ ಹೇಳುವ ರೂಢಿಯೊಂದಿದೆ. ಅದು ಸರಿಯಲ್ಲ. ಇದೇ ಪ್ರಭೇದ ಯುರೋಪಿನ ಬೇರೆಡೆ ಹಾಡುಹಗಲೇ ಹೂವಿಂದ ಹೂವಿಗೆ ಹೋಗಿ ಮಕರಂದ ಹೀರುತ್ತದೆ. ಕಣಿವೆಯಲ್ಲಿ ಅದು ವಿಶ್ರಾಂತಿಯಲ್ಲಿರುತ್ತದೆ, ಮೈಯಲ್ಲಿ ಕೂಡಿಟ್ಟ ಕೊಬ್ಬಿನ ಮೇಲೆ ಬದುಕುತ್ತದೆ. ಈ ಭೇದ ಸಣ್ಣದೆನಿಸಬಹುದು. ಆದರೆ ಹೊಟ್ಟೆಯೇ ಇಲ್ಲದ ಅದ್ಭುತ ಜೀವಿ ಎಂದು ಕೇಳಿದವರು ಬೆರಗಾಗಿ ಮುಂದೆ ಹೋಗುತ್ತಾರೆ. ವಸಂತದಲ್ಲಿ ಹುಳು ಮೇಯ್ದ ಸೊಪ್ಪಿನ ಬಲದಲ್ಲಿ ಇದು ಮೂರು ತಿಂಗಳು ದಾಟಬೇಕು ಎಂದು ಕೇಳಿದವರು ತಟ್ಟಲು ಎತ್ತಿದ ಕೈ ಇಳಿಸುತ್ತಾರೆ.

ಕಣಿವೆಯೇ ಏಕೆ

ಕಣಿವೆಯ ಮರಗಳಲ್ಲಿ ಹೆಚ್ಚಿನವು ಲಿಕ್ವಿಡಾಂಬರ್ ಓರಿಯೆಂಟಾಲಿಸ್ ಜಾತಿಯವು. ಐದು ಹಾಳೆಯ, ಹಸ್ತದಂಥ ಎಲೆ. ಕಾಂಡ ಗಾಯವಾದರೆ ಸುವಾಸನೆಯ ಅಂಟು ಸುರಿಸುತ್ತದೆ. ಆಯುರ್ವೇದದವರು ಶಿಲಾರಸ ಎಂದು ಕರೆಯುವ ಸುಗಂಧದ್ರವ್ಯ ಈ ಮರದ್ದೇ. ಪ್ರಪಂಚದಲ್ಲಿ ಈ ಮರ ತಾನಾಗಿ ಕಾಡಾಗಿ ಬೆಳೆದಿರುವುದು ಟರ್ಕಿಯ ನೈರುತ್ಯ ಮೂಲೆಯಲ್ಲಿ ಮತ್ತು ಎದುರಿಗಿರುವ ರೋಡ್ಸ್‌ನ ಈ ಕಣಿವೆಯಲ್ಲಿ. ಟರ್ಕಿಯಲ್ಲಿ ನೀರಿರುವ ತಗ್ಗು ನೆಲವನ್ನೆಲ್ಲ ಹೊಲ, ತೋಟಗಳಿಗೆ ಬಿಡಿಸಿಕೊಂಡದ್ದರಿಂದ ಅಲ್ಲಿನ ಕಾಡು ಬಹಳಷ್ಟು ಕರಗಿದೆ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪು ಪಟ್ಟಿಯಲ್ಲಿ ಈಗ ಇದು ಅಪಾಯದಲ್ಲಿರುವ ಮರ.

ಪತಂಗಗಳನ್ನು ಕರೆತರುವುದು ಈ ಅಂಟಿನ ಪರಿಮಳ ಎಂಬ ಮಾತು ಬಹಳ ಜನಪ್ರಿಯ. ಆದರೆ ಏಜಿಯನ್ ಸಮುದ್ರದ ಪಾರೋಸ್ ದ್ವೀಪದಲ್ಲಿಯೂ ಇಂಥದೇ ಒಂದು ಕಣಿವೆಯಿದೆ, ಅಲ್ಲಿಯೂ ಇದೇ ಪ್ರಭೇದದ ಪತಂಗ ಬೇಸಿಗೆಯಲ್ಲಿ ನೆರೆಯುತ್ತದೆ. ಅಲ್ಲಿ ಈ ಮರದ ಕಾಡಿಲ್ಲ. ಎರಡೂ ಕಡೆ ಸಮಾನವಾಗಿರುವುದು ನೆರಳು, ತಂಪು, ತೇವ. ಆದ್ದರಿಂದ ಮರದ ಕೆಲಸ ಸುವಾಸನೆಗಿಂತ ಹೆಚ್ಚಾಗಿ ಚಪ್ಪರದ್ದು ಎಂದುಕೊಳ್ಳುವುದೇ ಸರಿ. ತೊರೆಯ ತೇವ ಆರದಂತೆ ಅದು ಹಿಡಿದಿಡುತ್ತದೆ.

ತಂಪಿಗೆ ಇಷ್ಟು ಬೆಲೆ ಏಕೆಂದರೆ, ಕೀಟದ ಮೈಗೆ ತನ್ನದೇ ಬಿಸಿಯಿಲ್ಲ. ಸುತ್ತಲ ಗಾಳಿ ಹತ್ತು ಡಿಗ್ರಿ ಏರಿದರೆ ಅದರ ಒಳಗಿನ ಕೊಬ್ಬು ಉರಿಯುವ ವೇಗ ಸುಮಾರು ಎರಡು ಪಟ್ಟಾಗುತ್ತದೆ. ಹೊರಗಿನ ಗುಡ್ಡದ ಬಿಸಿಲಲ್ಲಿ ಒಂದೂವರೆ ತಿಂಗಳಿಗೆ ಮುಗಿಯುವ ಕೊಬ್ಬು ಅಷ್ಟು ತಂಪಿನಲ್ಲಿ ಮೂರು ತಿಂಗಳು ಬರುತ್ತದೆ. ತೇವದ ಗಾಳಿಯಲ್ಲಿ ಮೈಯ ನೀರೂ ಬೇಗ ಆರುವುದಿಲ್ಲ. ಬರಗಾಲಕ್ಕೆಂದು ಕಣಜ ತುಂಬಿಕೊಂಡು ಬಾಗಿಲು ಹಾಕಿ ಕೂತ ಮನೆಯಂತೆ ಈ ಪತಂಗದ ಬೇಸಿಗೆ. ಹೊಸ ಬೆಳೆ ಕಣಜಕ್ಕೆ ಬರುವುದಿಲ್ಲ, ಇದ್ದುದರಲ್ಲಿ ತೂಗಿಸಬೇಕು.

ಚಪ್ಪಾಳೆಯ ಲೆಕ್ಕ

ಹಾರಾಟ ಕೀಟಗಳ ಪಾಲಿಗೆ ಅತ್ಯಂತ ದುಬಾರಿ ಕೆಲಸ. ಹಾರುವಾಗ ಅದರ ಆಮ್ಲಜನಕದ ಬಳಕೆ ಸುಮ್ಮನೆ ಕೂತಾಗಿನದಕ್ಕಿಂತ 50ರಿಂದ 100 ಪಟ್ಟು ಏರುತ್ತದೆ. ಕಡಿಮೆಯೆಂದು 60 ಪಟ್ಟು ಹಿಡಿಯೋಣ. ಒಂದು ನಿಮಿಷದ ಹಾರಾಟ ಒಂದು ಗಂಟೆಯ ವಿಶ್ರಾಂತಿಯನ್ನು ನುಂಗುತ್ತದೆ.

ಈಗ ದಾರಿಯ ಪಕ್ಕದ ಒಂದು ಕಾಂಡದ ಮೇಲೆ ಕೂತ ಒಂದು ಪತಂಗವನ್ನು ಊಹಿಸಿ. ದಿನಕ್ಕೆ ಹತ್ತು ಸಲ ಅದನ್ನು ಯಾರಾದರೂ ಎಬ್ಬಿಸುತ್ತಾರೆ, ಪ್ರತಿ ಸಲ ಅರ್ಧ ನಿಮಿಷ ಹಾರಿ ಮತ್ತೆಲ್ಲೋ ಕೂರುತ್ತದೆ ಎಂದು ಲೆಕ್ಕಕ್ಕೆ ಹಿಡಿದರೆ ದಿನಕ್ಕೆ ಐದು ನಿಮಿಷದ ಹಾರಾಟ, ಅಂದರೆ ಐದು ಗಂಟೆಯ ವಿಶ್ರಾಂತಿಯ ಖರ್ಚು. 90 ದಿನಕ್ಕೆ 450 ಗಂಟೆ, ಹತ್ತಿರ ಹತ್ತಿರ 19 ದಿನದ ದಾಸ್ತಾನು. ಕೂಡುವ ಕಾಲಕ್ಕೆ ಇನ್ನೂ ಎರಡು ವಾರಕ್ಕೂ ಹೆಚ್ಚು ಇರುವಾಗಲೇ ಗಂಟು ಬರಿದು. ಇದು ಕಾಗದದ ಮೇಲಿನ ಲೆಕ್ಕ. ಕಣಿವೆಯಲ್ಲಿ ಇನ್ನೂ ಕೆಲವು ನಷ್ಟಗಳು ಸೇರುತ್ತವೆ. ಎಬ್ಬಿಸಿದ ಪತಂಗ ಮತ್ತೆ ಕೂರುವಾಗ ಮೊದಲಿನಷ್ಟು ಒಳ್ಳೆಯ ಜಾಗ ಸಿಗುವುದಿಲ್ಲ, ಸಿಕ್ಕಿದ ಜಾಗದಲ್ಲಿ ಬಿಸಿಲಿನ ಚುಕ್ಕೆ ಬೀಳಬಹುದು, ಗಾಳಿ ಒಣಗಿರಬಹುದು. ಹಾರುವಾಗ ಮೈ ಬಿಸಿಯೇರಿ ನೀರು ಹೋಗುತ್ತದೆ. ಒಂದು ಪತಂಗ ಎದ್ದರೆ ಪಕ್ಕದವೂ ಏಳುತ್ತವೆ.

ನನಗೆ ಈ ಪ್ರಕರಣದ ಅತಿ ಮುಖ್ಯ ಅಂಶ ಅನ್ನಿಸುವುದು ಮುಂದಿನದು. ಚಪ್ಪಾಳೆ ತಟ್ಟಿದವರ ಕಣ್ಣೆದುರು ಪತಂಗ ಸತ್ತು ಬೀಳುವುದಿಲ್ಲ. ಅದು ಹಾರುತ್ತದೆ, ಕೂರುತ್ತದೆ, ಮಾರನೆಯ ದಿನವೂ ಅಲ್ಲೇ ಇರುತ್ತದೆ. ‘ನೋಡಿ, ಏನಾಯಿತು? ಚೆನ್ನಾಗಿಯೇ ಇದೆಯಲ್ಲ’ ಎಂದು ಯಾರಾದರೂ ಕೇಳಿದರೆ ಉತ್ತರ ತೋರಿಸಲು ಕೈಯಲ್ಲಿ ಏನೂ ಇರುವುದಿಲ್ಲ. ನಷ್ಟ ಆಗುವುದು ಆಗಸ್ಟ್ ಕೊನೆಯಲ್ಲಿ. ಕೊಬ್ಬು ತೀರಿದ ಗಂಡಿಗೆ ಹೆಣ್ಣನ್ನು ಹುಡುಕುವ ಕಸುವಿಲ್ಲ. ಕೊಬ್ಬು ತೀರಿದ ಹೆಣ್ಣಿನ ಹೊಟ್ಟೆಯಲ್ಲಿ ಮೊಟ್ಟೆ ತುಂಬುವುದಿಲ್ಲ, ತುಂಬಿದ್ದನ್ನು ಹೊತ್ತು ಗುಡ್ಡ ದಾಟಿ ಹಾರುವ ಬಲವೂ ಇರುವುದಿಲ್ಲ. ಕಣಿವೆಯಿಂದ ದೂರದ ಯಾವುದೋ ಪೊದೆಯ ಎಲೆಯಡಿ ಇರಬೇಕಾಗಿದ್ದ ಮೊಟ್ಟೆ ಅಲ್ಲಿರುವುದಿಲ್ಲ. ಇಲ್ಲದ ಮೊಟ್ಟೆಯನ್ನು ಯಾರೂ ನೋಡಲಾರರು. ಮುಂದಿನ ಜೂನ್‌ನಲ್ಲಿ ಕಾಂಡದ ಮೇಲೆ ತ್ರಿಕೋನಗಳು ಸ್ವಲ್ಪ ವಿರಳವಾಗಿರುತ್ತವೆ, ಅಷ್ಟೇ. ಹೊಸದಾಗಿ ಬಂದವರಿಗೆ ಅದೂ ಬೇಕಾದಷ್ಟು ಎಂದೇ ಕಾಣುತ್ತದೆ.

ಇದರ ಮೇಲೆ ಕಾಲದ ದುರದೃಷ್ಟ ಬೇರೆ. ರೋಡ್ಸ್‌ನ ಜನಸಂಖ್ಯೆ ಸುಮಾರು 1.25 ಲಕ್ಷ. ಒಂದು ವರ್ಷಕ್ಕೆ ವಿದೇಶಗಳಿಂದ ಬಂದಿಳಿಯುವವರು 20 ಲಕ್ಷಕ್ಕೂ ಹೆಚ್ಚು, ಅದರಲ್ಲಿ ದೊಡ್ಡ ಪಾಲು ಜುಲೈ ಆಗಸ್ಟ್‌ಗಳಲ್ಲಿ. ವಿಮಾನ ನಿಲ್ದಾಣ ಇರುವುದೂ ಕಣಿವೆಯ ಕಡೆಯ ಕರಾವಳಿಯಲ್ಲೇ. ಪತಂಗದ ಕಣಜ ತಳ ಕಾಣುವ ಆಗಸ್ಟ್ ತಿಂಗಳಲ್ಲೇ ಬಸ್ಸುಗಳು ಸಾಲುಗಟ್ಟಿ ಬರುತ್ತವೆ. ಜನ ಬೇಡವೆಂದು ಹೇಳುವ ಸ್ಥಿತಿಯಲ್ಲಿ ದ್ವೀಪವೂ ಇಲ್ಲ, ಏಕೆಂದರೆ ಅಲ್ಲಿನ ಬದುಕು ನಿಂತಿರುವುದೇ ಆ ತಿಂಗಳುಗಳ ಸಂಪಾದನೆಯ ಮೇಲೆ. ಇದನ್ನು ಮರೆತು ‘ಕಣಿವೆ ಮುಚ್ಚಿಬಿಡಿ’ ಎನ್ನುವವರ ಮಾತು ನನಗೆ ಒಪ್ಪಿಗೆಯಾಗುವುದಿಲ್ಲ. ಟಿಕೆಟ್ಟಿನ ಹಣ ಇಲ್ಲದೆ ಕಾವಲೂ ಇಲ್ಲ.

ಕಾನೂನಿನ ವಿಚಿತ್ರ ಪಯಣ

ಕಾಗದದ ಮೇಲೆ ಈ ಪತಂಗಕ್ಕೆ ಸಿಕ್ಕಿರುವ ರಕ್ಷಣೆ ಸಾಮಾನ್ಯದ್ದಲ್ಲ. ಐರೋಪ್ಯ ಒಕ್ಕೂಟ 1992ರಲ್ಲಿ ಆವಾಸಗಳ ನಿರ್ದೇಶನ ಎಂಬ ಕಾನೂನನ್ನು ತಂದಿತು. ಯಾವ ಜೀವಿಗಳಿಗಾಗಿ ಸದಸ್ಯ ದೇಶಗಳು ಸಂರಕ್ಷಿತ ಜಾಗಗಳನ್ನು ಗುರುತಿಸಬೇಕು ಎಂಬ ಪಟ್ಟಿ ಅದರ ಎರಡನೆಯ ಅನುಬಂಧದಲ್ಲಿದೆ. ಅದರಲ್ಲಿ ಜರ್ಸಿ ಟೈಗರ್ ಇದೆ, ಪಕ್ಕದಲ್ಲಿ ನಕ್ಷತ್ರದ ಗುರುತೂ ಇದೆ. ಆ ಗುರುತಿದ್ದರೆ ‘ಆದ್ಯತೆಯ ಪ್ರಭೇದ’ ಎಂದು ಅರ್ಥ, ಎಲ್ಲಕ್ಕಿಂತ ಮೇಲಿನ ದರ್ಜೆ.

ತಮಾಷೆಯೆಂದು ತಳ್ಳಿಹಾಕಲಾಗದ ಒಂದು ಗೊಂದಲ ಇದರಿಂದ ಹುಟ್ಟಿತು. ಯುರೋಪಿನಲ್ಲಿ ನಿಜಕ್ಕೂ ಆತಂಕದಲ್ಲಿದ್ದುದು ರೋಡ್ಸ್‌ಗೇ ಸೀಮಿತವಾದ ರೋಡೊಸೆನ್ಸಿಸ್ ಎಂಬ ಉಪಪ್ರಭೇದ ಮಾತ್ರ. ಯುರೋಪಿನ ವನ್ಯಜೀವಿಗಳ ರಕ್ಷಣೆಗಾಗಿ ಇರುವ ಬರ್ನ್ ಒಪ್ಪಂದದ ಅಕಶೇರುಕ (ಬೆನ್ನುಮೂಳೆಯಿಲ್ಲದ ಜೀವಿಗಳ) ತಜ್ಞರ ಗುಂಪೂ ಇದನ್ನೇ ಹೇಳಿದೆ. ಆದರೆ ಪಟ್ಟಿಯಲ್ಲಿ ಸೇರಿದ್ದು ಇಡೀ ಪ್ರಭೇದದ ಹೆಸರು. ಅದು ಮಧ್ಯ ಯುರೋಪಿನಲ್ಲಿ ಕಾಡಂಚುಗಳಲ್ಲೆಲ್ಲ ಕಾಣುವ ಪತಂಗ. ಇಂಗ್ಲೆಂಡಿನಲ್ಲಂತೂ ಈ ಶತಮಾನದಲ್ಲಿ ಲಂಡನ್ನಿನ ಹಿತ್ತಲುಗಳವರೆಗೂ ಹರಡಿದೆ. ಹೀಗಾಗಿ ಜರ್ಮನಿಯಂಥ ದೇಶಗಳೂ ತಮ್ಮಲ್ಲಿ ಸುಖವಾಗಿರುವ ಈ ಪತಂಗಕ್ಕಾಗಿ ಜಾಗಗಳನ್ನು ಗುರುತಿಸಿ ಕಡತ ತುಂಬಿಸಬೇಕಾಯಿತು.

ಬೇರೆ ದೇಶಗಳಲ್ಲಿ ಅದರಿಂದ ಕೆಡುಕೇನೂ ಆಗಲಿಲ್ಲ, ಆ ಹೆಸರಿನಲ್ಲಿ ಒಂದಷ್ಟು ಕಾಡಂಚು ಉಳಿದಿದ್ದರೆ ಸಂತೋಷವೇ. ರೋಡ್ಸ್‌ನ ಕಣಿವೆಯೂ ನ್ಯಾಚುರಾ 2000 ಎಂಬ, ಸಂರಕ್ಷಿತ ಜಾಗಗಳ ಐರೋಪ್ಯ ಜಾಲದ ಒಳಗೆ ಬಂತು. ಆದರೆ ನಿರ್ದೇಶನದ ಭಾಷೆ ಜಾಗದ ಭಾಷೆ. ಇಲ್ಲಿ ಕಟ್ಟಬೇಡಿ, ಕಡಿಯಬೇಡಿ, ಕೆಡಿಸಬೇಡಿ ಎನ್ನಲು ಅದು ಚೆನ್ನಾಗಿ ಒದಗುತ್ತದೆ. ಪೆಟಲೂದೆಸ್‌ನಲ್ಲಿ ಮರಗಳು ನಿಂತಿವೆ, ತೊರೆ ಹರಿಯುತ್ತಿದೆ. ಆವಾಸ ಇದ್ದಂತೆಯೇ ಇದೆ. ಕೆಟ್ಟದ್ದು ನಿದ್ದೆ. ಬ್ರಸೆಲ್ಸ್‌ನಲ್ಲಿ ಬರೆದ ಯಾವ ನಕ್ಷತ್ರದ ಗುರುತೂ ಸಂಕದ ಮೇಲೆ ನಿಂತವರ ಕೈಯನ್ನು ಹಿಡಿಯಲಾರದು, ಅದಕ್ಕೆ ಅಲ್ಲೇ ಒಬ್ಬ ಕಾವಲುಗಾರ ಬೇಕು.

ಸ್ಥಳೀಯ ಆಡಳಿತದ ಕಥೆಯನ್ನೂ ಒಂದು ಮಾತಿನಲ್ಲಿ ಹೇಳಬೇಕು. ಕಣಿವೆಯ ಹೆಸರನ್ನೇ ಹೊತ್ತ ಪೆಟಲೂದೆಸ್ ಪುರಸಭೆಯೊಂದು ಈ ಭಾಗಕ್ಕೆ ಇತ್ತು. 2011ರ ಸ್ಥಳೀಯ ಆಡಳಿತ ಸುಧಾರಣೆಯಲ್ಲಿ ಅದು ಇಡೀ ದ್ವೀಪದ ಒಂದೇ ರೋಡ್ಸ್ ಪುರಸಭೆಯೊಳಗೆ ಸೇರಿಹೋಯಿತು. ಚಿಕ್ಕ ಪುರಸಭೆಗೆ ಕಣಿವೆ ಮನೆಯ ಮಗು. ದೊಡ್ಡದಕ್ಕೆ ಹಲವು ಆಕರ್ಷಣೆಗಳಲ್ಲಿ ಒಂದು. ಆದರೆ ದೊಡ್ಡದಕ್ಕೆ ಒಂದು ಅನುಕೂಲವಿದೆ, ಅದರ ಕೈ ಕಣಿವೆಯ ಆಚೆಗೂ ಚಾಚುತ್ತದೆ. ಅದರ ಮಹತ್ವ ಮುಂದೆ ತಿಳಿಯುತ್ತದೆ.

ಟಿಕೆಟ್ ಕಿಟಕಿಯ ಆಚೆಗಿನ ಒಂಬತ್ತು ತಿಂಗಳು

ಚಪ್ಪಾಳೆ ನಿಂತಿತು, ಎಲ್ಲರೂ ಬೆಕ್ಕಿನ ಹೆಜ್ಜೆಯಲ್ಲಿ ನಡೆದರು ಎಂದೇ ಇಟ್ಟುಕೊಳ್ಳೋಣ. ಆಗಲೂ ಪತಂಗ ಉಳಿಯುತ್ತದೆಂಬ ಭರವಸೆಯಿಲ್ಲ. ಏಕೆಂದರೆ ವರ್ಷದ ಮೂರು ತಿಂಗಳು ಮಾತ್ರ ಅದು ಕಣಿವೆಯ ಒಕ್ಕಲು. ಮೊಟ್ಟೆ, ಹುಳು, ಕೋಶವಾಗಿ ಉಳಿದ ಒಂಬತ್ತು ತಿಂಗಳು ಅದು ಇರುವುದು ದ್ವೀಪದುದ್ದಕ್ಕೂ, ಯಾರೂ ಟಿಕೆಟ್ ಕೊಟ್ಟು ನೋಡದ ಜಾಗಗಳಲ್ಲಿ: ಹೊಲದ ಬದು, ರಸ್ತೆಯ ಅಂಚು, ಕುರುಚಲು ಗುಡ್ಡ, ಪಾಳುಬಿದ್ದ ಆಲಿವ್ ತೋಟ. ಹುಳು ಮೇಯುವ ಗಿಡಗಳು ಎಂಥವೆಂದು ನೋಡಿದೆವು. ತುರಿಕೆಗಿಡ, ಮುಳ್ಳುಪೊದೆ. ಸ್ವಚ್ಛತೆಯ ಹೆಸರಿನಲ್ಲಿ ಮೊದಲು ಸವರುವುದು ಇಂಥವನ್ನೇ. ಕಳೆನಾಶಕ ಹೊಡೆಯುವುದೂ ಇವುಗಳ ಮೇಲೇ.

ಎರಡನೆಯ ಅಪಾಯ ಬೆಂಕಿ. 2021ರ ಆಗಸ್ಟ್ ಮೊದಲ ದಿನಗಳಲ್ಲಿ ಕಾಡ್ಗಿಚ್ಚು ಈ ಕಣಿವೆಯ ನೆರೆಯ ಕಾಡಿಗೇ ಬಿತ್ತು. ಪತಂಗಗಳೆಲ್ಲ ಒಂದೆಡೆ ಕೂಡಿರುವ ತಿಂಗಳದು. ದ್ವೀಪದ ಅಷ್ಟೂ ಸಂತತಿಯ ದೊಡ್ಡ ಪಾಲು ಒಂದೇ ತೊರೆಯ ಪಕ್ಕ ಮಲಗಿರುವಾಗ ಬೆಂಕಿ ಒಂದು ಗುಡ್ಡ ಈಚೆಗೆ ಬಂದಿದ್ದರೆ ಏನಾಗುತ್ತಿತ್ತೆಂದು ಯೋಚಿಸಿದರೆ ಮೈ ಜುಮ್ಮೆನ್ನುತ್ತದೆ. ಎರಡು ವರ್ಷಗಳ ನಂತರ, 2023ರ ಜುಲೈ 18ರಂದು ಹೊತ್ತಿಕೊಂಡ ಬೆಂಕಿ ದ್ವೀಪದ ನಡುಭಾಗದಿಂದ ಆಗ್ನೇಯ ಕರಾವಳಿಯವರೆಗೆ ಹಬ್ಬಿ 17 ಸಾವಿರ ಹೆಕ್ಟೇರ್‌ಗೂ ಹೆಚ್ಚು ನೆಲವನ್ನು ಸುಟ್ಟಿತು. ಸುಮಾರು 19 ಸಾವಿರ ಜನರನ್ನು ಹೋಟೆಲು, ಹಳ್ಳಿಗಳಿಂದ ತೆರವು ಮಾಡಬೇಕಾಯಿತು. ಕಣಿವೆ ಆ ಬೆಂಕಿಯ ದಾರಿಯಲ್ಲಿರಲಿಲ್ಲ. ಸುದ್ದಿಗಳಲ್ಲಿ ‘ಚಿಟ್ಟೆ ಕಣಿವೆ ಸುರಕ್ಷಿತ’ ಎಂದರೆ ಜನರಿಗೆ ನೆಮ್ಮದಿ. ಆದರೆ ಇಡೀ ದ್ವೀಪದ ವಿಸ್ತೀರ್ಣವೇ 1,400 ಚದರ ಕಿಲೋಮೀಟರ್. ಅದರಲ್ಲಿ ಸುಟ್ಟ 170 ಚದರ ಕಿಲೋಮೀಟರಿಗೂ ಮೀರಿದ ನೆಲ ಎಂದರೆ ಹೆಣ್ಣುಗಳು ಸೆಪ್ಟೆಂಬರಿನಲ್ಲಿ ಮೊಟ್ಟೆಯಿಡಬಹುದಾಗಿದ್ದ ನೆಲ, ಎಂಟನೆಯ ಒಂದು ಪಾಲು. ಬೇಸಿಗೆಯ ಮನೆ ಉಳಿದು ಮಕ್ಕಳನ್ನು ಬೆಳೆಸುವ ಮನೆ ಸುಟ್ಟರೆ ಅದಕ್ಕೆ ಸುರಕ್ಷಿತ ಎನ್ನಲಾಗದು.

ಮೂರನೆಯದು ನೀರು. ಪೆಲೆಕಾನೋಸ್ ದೊಡ್ಡ ನದಿಯಲ್ಲ. ಚಳಿಗಾಲದ ಮಳೆ ಕೈಕೊಟ್ಟರೆ ಬೇಸಿಗೆಯಲ್ಲಿ ಅದರ ಧಾರೆ ಸಣ್ಣದಾಗುತ್ತದೆ. ಧಾರೆ ಸಣ್ಣದಾದರೆ ಗಾಳಿಯ ತೇವ ಇಳಿಯುತ್ತದೆ, ತಂಪೂ ಇಳಿಯುತ್ತದೆ, ಕಣಿವೆಯ ಅರ್ಥವೇ ಹೋಗುತ್ತದೆ. ಹೋಟೆಲುಗಳಿಗೆ ನೀರು ಅತಿ ಹೆಚ್ಚು ಬೇಕಾಗುವುದೂ ಅದೇ ತಿಂಗಳುಗಳಲ್ಲಿ. ಮೇಲಿನ ಗುಡ್ಡಗಳ ಅಂತರ್ಜಲಕ್ಕೆ ಎಲ್ಲೆಲ್ಲಿ ಕೊಳವೆ ಇಳಿಸಬಹುದು, ಎಲ್ಲಿ ಬೇಡ ಎಂಬುದನ್ನು ಪತಂಗದ ಲೆಕ್ಕದಿಂದಲೂ ನೋಡಬೇಕು. ಮರಕ್ಕೂ ಇದು ಬೇಕು. ಶಿಲಾರಸದ ಮರ ಬೇರು ಒದ್ದೆಯಿದ್ದರೆ ಮಾತ್ರ ಸುಖವಾಗಿರುವಂಥದು, ಹಳೆಯ ಮರದ ಬುಡದಲ್ಲಿ ಹೊಸ ಸಸಿ ಏಳಬೇಕಾದರೆ ತುಳಿತವಿಲ್ಲದ ತೇವದ ಮಣ್ಣು ಬೇಕು. ಜನ ದಾರಿ ಬಿಟ್ಟು ತೊರೆಯಂಚಿಗೆ ಇಳಿದರೆ ಮೊದಲು ಸಾಯುವುದು ಆ ಸಸಿ. ಐವತ್ತು ವರ್ಷದ ನಂತರದ ನೆರಳು ಈಗಿನ ಕಾಲುದಾರಿಯ ಶಿಸ್ತಿನ ಮೇಲೆ ನಿಂತಿದೆ.

ಏನು ಮಾಡಬಹುದು

ಫಲಕಗಳಿಂದ ಆಗಿರುವ ಉಪಕಾರವನ್ನು ಕಡೆಗಣಿಸಬಾರದು. ಚಪ್ಪಾಳೆ ತಟ್ಟುವುದು ಸಾಮಾನ್ಯ ಸಂಗತಿಯಾಗಿದ್ದ ಕಾಲದಿಂದ ಅದು ನಾಚಿಕೆಯ ಸಂಗತಿಯಾಗುವ ಕಾಲಕ್ಕೆ ಕಣಿವೆ ಬಂದಿದೆ. ಒಬ್ಬರು ತಟ್ಟಿದರೆ ಇನ್ನೊಬ್ಬರು ತಿರುಗಿ ನೋಡುತ್ತಾರೆ. ಆದರೆ ಗುಂಪು ದೊಡ್ಡದಾದಷ್ಟೂ ಫಲಕದ ಬಲ ಕುಗ್ಗುತ್ತದೆ. ನಲವತ್ತು ಜನರ ಬಸ್ಸಿನಲ್ಲಿ ಓದದವರು ಇಬ್ಬರಿದ್ದರೆ ಸಾಕು. ಅದಕ್ಕೇ ಮೊದಲ ಕೆಲಸ ಗುಂಪಿನ ಗಾತ್ರಕ್ಕೆ ಮಿತಿ ಹಾಕುವುದು, ಆಗಸ್ಟ್‌ನಲ್ಲಂತೂ ಹತ್ತು ಹನ್ನೆರಡು ಜನಕ್ಕಿಂತ ಹೆಚ್ಚು ಒಟ್ಟಿಗೆ ಬಿಡದಿರುವುದು.

ಎರಡನೆಯದು, ಆ ಕೆಂಪು ರೆಕ್ಕೆಯನ್ನು ಕಣಿವೆಗೆ ಇಳಿಯುವ ಮುಂಚೆಯೇ ತೋರಿಸಿಬಿಡುವುದು. ಸ್ಥಳದಲ್ಲೇ ಒಂದು ಚಿಕ್ಕ ಪ್ರಕೃತಿ ವಸ್ತುಸಂಗ್ರಹಾಲಯವಿದೆ. ರೆಕ್ಕೆ ಬಿಚ್ಚಿದ ಪತಂಗವನ್ನು, ನಿಧಾನಗತಿಯ ಹಾರಾಟದ ವಿಡಿಯೊವನ್ನು ಅಲ್ಲಿ ಎಲ್ಲರೂ ಕಡ್ಡಾಯವಾಗಿ ಹಾದುಹೋಗುವಂತೆ ಇಟ್ಟರೆ ಒಳಗೆ ಹೋದಮೇಲೆ ಎಬ್ಬಿಸಿ ನೋಡುವ ಆಸೆ ಅರ್ಧ ತಣಿದಿರುತ್ತದೆ. ಅದರ ಜೊತೆ ಮೇಲೆ ಹೇಳಿದ ಲೆಕ್ಕವನ್ನೂ ದೊಡ್ಡ ಅಕ್ಷರದಲ್ಲಿ ಬರೆದಿಡಬೇಕು: ಒಂದು ನಿಮಿಷದ ಹಾರಾಟಕ್ಕೆ ಒಂದು ಗಂಟೆಯ ಬದುಕು. ‘ದಯವಿಟ್ಟು ಸದ್ದು ಮಾಡಬೇಡಿ’ ಎಂಬ ಕೋರಿಕೆಗಿಂತ ಕಾರಣ ಹೇಳುವ ಒಂದು ಸಾಲು ಹೆಚ್ಚು ಕೆಲಸ ಮಾಡುತ್ತದೆಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಮೂರನೆಯದು ದಾರಿಗೂ ಬಿಡುವು ಕೊಡುವುದು. ಆಗಸ್ಟ್ ಇಡೀ ತಿಂಗಳು ದಾರಿಯ ಒಂದು ಭಾಗವನ್ನು ಮುಚ್ಚಿ ಅಲ್ಲಿನ ಪತಂಗಗಳಿಗೆ ಪೂರ್ತಿ ವಿಶ್ರಾಂತಿ ಕೊಟ್ಟು, ತೆರೆದ ಭಾಗದ ಕೆಲವು ನಿಗದಿತ ಕಾಂಡಗಳನ್ನೂ ಮುಚ್ಚಿದ ಭಾಗದ ಅಷ್ಟೇ ಕಾಂಡಗಳನ್ನೂ ವಾರಕ್ಕೊಮ್ಮೆ ಅದೇ ಕೋನದಿಂದ ಫೋಟೊ ತೆಗೆದು ಎಣಿಸಿದರೆ, ಜನರಿಂದ ಆಗುವ ವ್ಯತ್ಯಾಸ ಮೊದಲ ಸಲ ಅಂಕಿಯಾಗಿ ಕೈಗೆ ಸಿಗುತ್ತದೆ. ಸ್ವಲ್ಪ ಕಾಲ ದಾರಿ ಮುಚ್ಚಿದರೆ ಪ್ರವಾಸವೇ ಮುಳುಗುತ್ತದೆ ಎಂಬ ಭಯಕ್ಕೆ ಉತ್ತರವಾಗಿ ತೈವಾನ್‌ನ ಉದಾಹರಣೆ ಇದೆ. ನೇರಳೆ ಚಿಟ್ಟೆಗಳ ವಲಸೆಯ ಕಾಲದಲ್ಲಿ ಅವುಗಳ ದಾರಿಗೆ ಅಡ್ಡವಾಗುವ ಒಂದು ಹೆದ್ದಾರಿಯ ಲೇನನ್ನು, ಚಿಟ್ಟೆಗಳು ದಟ್ಟವಾಗಿ ದಾಟುವ ಹೊತ್ತಿನಲ್ಲಿ ಮುಚ್ಚುವ ಕ್ರಮವನ್ನು ಅವರು 2007ರಲ್ಲೇ ಮಾಡಿ ತೋರಿಸಿದರು. ಹೆದ್ದಾರಿಗೆ ಆಗುವುದು ಕಾಲುದಾರಿಗೆ ಆಗದೇನು?

ಕೊನೆಯದು ಹಣದ ಹಾದಿ. ಬೇಸಿಗೆಯಲ್ಲಿ ಕಿಟಕಿಯಲ್ಲಿ ಸೇರುವ ಹಣದ ಒಂದು ನಿಶ್ಚಿತ ಪಾಲು ಕಣಿವೆಯ ಹೊರಗೆ ಖರ್ಚಾಗಬೇಕು. ಸುಟ್ಟ ಗುಡ್ಡಗಳಲ್ಲಿ ಪೊದೆಗಳು ಮತ್ತೆ ಏಳುವವರೆಗೆ ಮೇಕೆಗಳನ್ನು ದೂರವಿಡಲು ರೈತರಿಗೆ ಪರಿಹಾರ, ಕಣಿವೆಯ ಸುತ್ತಲ ಗುಡ್ಡಗಳಲ್ಲಿ ಬೇಸಿಗೆ ಮುಗಿಯುವವರೆಗೆ ಬೆಂಕಿ ಕಾವಲು, ನೀರಿನ ತೊಟ್ಟಿ. ಈಗ ಇಡೀ ದ್ವೀಪ ಒಂದೇ ಪುರಸಭೆಯ ಕೈಯಲ್ಲಿರುವುದರಿಂದ ರಸ್ತೆಬದಿ ಸವರುವ ವೇಳಾಪಟ್ಟಿಯನ್ನು ಬದಲಿಸಲು ಹೊಸ ಕಾನೂನೇನೂ ಬೇಕಿಲ್ಲ. ಮಾರ್ಚ್‌ನಿಂದ ಮೇವರೆಗೆ, ಹುಳು ಮೇಯುವ ತಿಂಗಳುಗಳಲ್ಲಿ, ಅಂಚಿನ ತುರಿಕೆಗಿಡ ಮುಳ್ಳುಬೆರಿಗಳನ್ನು ಮುಟ್ಟದೆ, ಕೋಶದಿಂದ ಪತಂಗ ಎದ್ದು ಹೋದ ಮೇಲೆ, ಬೆಂಕಿಯ ಕಾಲ ಜೋರಾಗುವ ಮುಂಚೆ ಜೂನ್‌ನಲ್ಲಿ ಸವರಿದರೆ ಹುಳುವೂ ಉಳಿಯುತ್ತದೆ, ಒಣಕಡ್ಡಿಯೂ ಉಳಿಯುವುದಿಲ್ಲ. ಆ ಕೆಲಸಗಾರರ ಕೈಗೆ ಕಪ್ಪು ಮೈಯ, ಹಳದಿ ಬೆನ್ನಿನ ಹುಳುವಿನ ಚಿತ್ರವಿರುವ ಒಂದು ಚೀಟಿಯನ್ನೂ ಕೊಡಬೇಕು.